ಗಳೆ, ದಾಯ, ಕೊಳಗ: ಮಲೆನಾಡಿನಲ್ಲಿ ಐದು ದಿನ

ಮೊದಲ ದಿನ: ತಾಳಗುಂದ, ಬಳ್ಳಿಗಾವಿ

ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದೇ ಆಯುಷ್ಯದ ಅರ್ಧವನ್ನು ಕಳೆದವನು ನಾನು. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ, ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿಯ ಜಾಗಕ್ಕೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ: ಈ ಲೆಕ್ಕ ನನಗೆ ಮಗ್ಗಿಯಂತೆ ಬಾಯಿಗೆ ಬರುತ್ತದೆ. ಮೈಸೂರು ಸೀಮೆಯಲ್ಲಿ ಈ ಪದ್ಧತಿಯ ಮೋಜಣಿ ಶುರುವಾದದ್ದು 1863ರಲ್ಲಿ. ಅದಕ್ಕೂ ಮೊದಲು ನಮ್ಮ ಜಿಲ್ಲೆಯವರು ಗದ್ದೆ, ತೋಟ, ಭತ್ತ, ಮಳೆ ಇವನ್ನೆಲ್ಲ ಯಾವುದರಿಂದ ಅಳೆಯುತ್ತಿದ್ದರು ಎಂಬ ಕುತೂಹಲ ನೌಕರಿಯಲ್ಲಿದ್ದಾಗಲೂ ಇತ್ತು. ಬಾಂದುಕಲ್ಲು ಹುಡುಕುವ ಗಡಿಬಿಡಿಯಲ್ಲಿ ಅದನ್ನು ಬೆನ್ನು ಹತ್ತಲು ಆಗಿರಲಿಲ್ಲ. ನಿವೃತ್ತಿಯಾದ ಮೇಲೆ, ಈ ಸಲದ ಅಕ್ಟೋಬರ್ ಮೊದಲ ವಾರದಲ್ಲಿ ಅದಕ್ಕೆ ಕಾಲ ಕೂಡಿಬಂತು. ಅಡಿಕೆ ಮಂಡಿಯ ಕೆಲಸಕ್ಕೆಂದು ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದಿದ್ದ ಭಾವ, "ಹೆಂಗಿದ್ರೂ ಕಾರು ಖಾಲಿ ಹೋಗ್ತದೆ, ಬಾ ಮಾರಾಯ" ಎಂದರು. ಕಾರು ಓಡಿಸುವವನು ಅವರ ಮಗ, ಅಂದರೆ ನನ್ನ ಸೋದರಳಿಯ. ಹೊರಡುವಾಗ ನನ್ನ ಹೆಂಡತಿ ಚೀಲವನ್ನು ತಡಕಿ, ಅಳತೆಯ ಟೇಪನ್ನು ಹೊರಗೆ ತೆಗೆದಿಟ್ಟಳು. ಪ್ರವಾಸವೆಂದರೆ ಪ್ರವಾಸ, ಡ್ಯೂಟಿ ಅಲ್ಲ ಎಂಬುದು ಅವಳ ವಾದ. ಇದರ ಪರಿಣಾಮ ಎರಡನೆಯ ದಿನ ತಿಳಿಯಿತು.

ಶಿಕಾರಿಪುರವನ್ನು ದಾಟಿ ತಾಳಗುಂದವನ್ನು ತಲುಪಿದಾಗ ಬೆಳಗಿನ ಹತ್ತು ಗಂಟೆ. ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲುಕಂಬಕ್ಕೆ ಎಂಟು ಮುಖ. ಅದರ ಮೇಲಿನ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಓದಬೇಕೆಂದರೆ ಕುತ್ತಿಗೆಯನ್ನು ಎಡಕ್ಕೆ ವಾಲಿಸಿ ನಿಲ್ಲಬೇಕು. ಬ್ರಾಹ್ಮಿ ನನಗೆ ಬಾರದು. ಆದರೂ ಅಕ್ಷರದ ತಲೆಯ ಮೇಲಿರುವ ಪುಟ್ಟ ಚೌಕದ ಗಂಟುಗಳನ್ನು ಕಣ್ಣಿನಿಂದಲೇ ಸವರುತ್ತ ಸ್ವಲ್ಪ ಹೊತ್ತು ಹಾಗೆಯೇ ನಿಂತೆ. ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವಿದು. ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಈ ಊರಿನ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ನಮಗೆಲ್ಲ ಗೊತ್ತಿರುವುದು ಈ ಕಂಬದಿಂದಲೇ. ಆದರೆ ಶಾಸನ ಹುಟ್ಟಿದ್ದು ಯುದ್ಧದ ನೆಪದಲ್ಲಲ್ಲ, ಕೆರೆಯ ನೆಪದಲ್ಲಿ. ಶಿವಾಲಯದ ಬಳಿ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ಹೇಳುವುದಕ್ಕಾಗಿಯೇ ಕುಬ್ಜ ಇಡೀ ವಂಶಾವಳಿಯನ್ನು ಬಿಚ್ಚುತ್ತಾನೆ. ಇದೇ ಆವರಣದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ, ಅಂದರೆ ಸಿಂಹದ ಕೆತ್ತನೆಯ ಮೆಟ್ಟಿಲ ಕಟಾಂಜನದ, ಬರಹವನ್ನು ಪುರಾತತ್ವ ಇಲಾಖೆಯವರು ಸುಮಾರು ಕ್ರಿ.ಶ. 370ಕ್ಕೆ ಇರಿಸಿದ್ದು, ಹಾಗಾದಾಗ ಅದು ಹಲ್ಮಿಡಿ ಶಾಸನಕ್ಕಿಂತಲೂ ಹಿಂದಿನ ಕನ್ನಡವಾಗುತ್ತದೆ.

ಅಲ್ಲಿಂದ ಬಳ್ಳಿಗಾವಿಗೆ ಹತ್ತು ನಿಮಿಷದ ದಾರಿ. ಈಗ ಜೋಳ ಒಣಗಿಸುವ ಅಂಗಳಗಳ ನಡುವೆ ಮಲಗಿರುವ ಈ ಊರು ಒಂದು ಕಾಲಕ್ಕೆ ಬನವಾಸಿ-12000 ಎಂಬ ನಾಡಿನ ರಾಜಧಾನಿ. ನಾಗರಖಂಡ-70, ಸಾಂತಳಿಗೆ-1000 ಎಂದು ಹೀಗೆ ಹೆಸರಿನ ಬೆನ್ನಿಗೇ ಸಂಖ್ಯೆಯನ್ನು ಹೊತ್ತ ನಾಡುಗಳು ನಮ್ಮ ಶಾಸನಗಳ ತುಂಬ ಸಿಗುತ್ತವೆ. ಆ ಸಂಖ್ಯೆ ಊರುಗಳ ಎಣಿಕೆಯೋ ಆದಾಯದ ಲೆಕ್ಕವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಹೆಸರನ್ನೇ ಪಹಣಿಯನ್ನಾಗಿ ಮಾಡಿಕೊಂಡ ಆ ಕಾಲದ ಶಾನುಭೋಗರ ಬಗ್ಗೆ ನನಗಂತೂ ಗೌರವ.

ಕೇದಾರೇಶ್ವರ ತ್ರಿಕೂಟಾಲಯದ ಬಳಪದ ಕಲ್ಲಿನ ನುಣುಪು, ತ್ರಿಪುರಾಂತಕೇಶ್ವರದ ಜಾಲಂಧ್ರಗಳು ಇವನ್ನು ನೋಡುತ್ತ ನಡುಹಗಲಾಯಿತು. ಬೇಲೂರಿನ ಮದನಿಕೆಯರ ಕೆಳಗೆ ತನ್ನ ಹೆಸರನ್ನು ಕೆತ್ತಿಟ್ಟ ದಾಸೋಜ ಈ ಊರಿನವನು. ಇಲ್ಲಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ವೇದ ವ್ಯಾಕರಣಗಳ ಪಾಠದ ಜೊತೆಗೇ ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಮತ್ತು ರೋಗಿಗಳಿಗೆ ಔಷಧ ಕೊಡುವ ಸ್ಥಾನವದು ಎನ್ನುತ್ತದೆ. ಆದರೆ ನಾನು ಬಂದದ್ದು ಭೇರುಂಡ ಕಂಬಕ್ಕಾಗಿ. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಈ ಎತ್ತರದ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಎರಡು ಹಕ್ಕಿಯ ತಲೆ. ಇದೇ ಹೆಸರಿನ ಅಳತೆಗೋಲೊಂದು, ಭೇರುಂಡ ಗಳೆ, ಈ ಭಾಗದ ದಾನಶಾಸನಗಳಲ್ಲಿ ಬರುತ್ತದೆ. ದೇವರಿಗೆ ಬಿಟ್ಟ ಗದ್ದೆ ಇಷ್ಟು ಮತ್ತರು, ಇಷ್ಟು ಕಮ್ಮ (ಆಗಿನ ಭೂಮಿಯ ವಿಸ್ತೀರ್ಣದ ಅಳತೆಗಳು) ಎಂದು ಹೇಳಿ ಸುಮ್ಮನಾಗದೆ, ಯಾವ ಗಳೆಯಲ್ಲಿ ಅಳೆದ ಮತ್ತರು ಎಂಬುದನ್ನೂ ಅವು ದಾಖಲಿಸುತ್ತವೆ, ಏಕೆಂದರೆ ಗಳೆ ಬದಲಾದರೆ ಮತ್ತರಿನ ವಿಸ್ತೀರ್ಣವೂ ಬದಲಾಗುತ್ತಿತ್ತು. ಮೋಜಣಿಯ ಟಿಪ್ಪಣಿಯಲ್ಲಿ ನಾವು ಮೊದಲು ಬರೆಯುತ್ತಿದ್ದದ್ದೂ ಯಾವ ಸರಪಳಿ ಎಂಬುದನ್ನೇ.

ಶಿರಾಳಕೊಪ್ಪ, ಸೊರಬದ ಮೇಲೆ ಸಾಗರಕ್ಕೆ ಬಂದು, ಅಕ್ಕನ ಮನೆಯ ಜಗಲಿಯನ್ನು ಹತ್ತಿದಾಗ ಹಸ್ತ ಮಳೆ ಹಂಚಿನ ಮೇಲೆ ಸದ್ದು ಮಾಡುತ್ತಿತ್ತು.

ಎರಡನೆಯ ದಿನ: ಕೆಳದಿ, ಇಕ್ಕೇರಿ, ಕಾಗೋಡು

ಕೆಳದಿಯನ್ನು ಹಿಂದೆ ಹತ್ತಾರು ಸಲ ನೋಡಿದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ವೀರಭದ್ರ ದೇವಾಲಯದ ಚಾವಣಿಯಲ್ಲಿ ಮತ್ತೆ ಗಂಡಭೇರುಂಡ ಸಿಕ್ಕಿತು. 1500ರ ಸುಮಾರಿಗೆ ಚೌಡಪ್ಪ ನಾಯಕನಿಂದ ಆರಂಭವಾದ ಕೆಳದಿ ಅರಸರು ಮುಂದೆ ಇಕ್ಕೇರಿಗೆ, ಅಲ್ಲಿಂದ 1639ರಲ್ಲಿ ಬಿದನೂರಿಗೆ ರಾಜಧಾನಿಯನ್ನು ಬದಲಿಸಿದರು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮಾಜಿಯ ಕಥೆಯನ್ನು ಅಳಿಯ ನನಗಿಂತ ಚೆನ್ನಾಗಿ ಹೇಳಿದ. ಶಾಲೆಯ ನಾಟಕದಲ್ಲಿ ಅವನು ಮೊಗಲ್ ಸರದಾರನಾಗಿದ್ದನಂತೆ.

ಇಕ್ಕೇರಿಯ ವಿಷಯ ಬೇರೆ. ಅಘೋರೇಶ್ವರ ದೇವಾಲಯದ ಹೊರಗಿನ ನಂದಿ ಮಂಟಪವನ್ನು ನೋಡಿ, ಕಮಾನಿನ ಬಾಗಿಲುಗಳನ್ನು ನೋಡಿ ಜನ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಒಳಗೆ ನೆಲದ ಹಾಸುಗಲ್ಲಿನ ಮೇಲೆ ಸಾಷ್ಟಾಂಗ ಬಿದ್ದಿರುವ ಮೂವರು ನಾಯಕರ ಆಕೃತಿಗಳನ್ನು, ಅವರ ಹೆಸರುಗಳ ಸಮೇತ ಕೆತ್ತಲಾಗಿದೆ. ಅದರಲ್ಲೊಬ್ಬ ಹುಚ್ಚ ಸೋಮಶೇಖರ. ಅವನ ಕೈಕಾಲಿಗೆ ಸಂಕೋಲೆ. ಅವರನ್ನು ತುಳಿಯದಂತೆ ಬದಿಗೆ ಸರಿದು, ನಾನು ಹುಡುಕಿಕೊಂಡು ಬಂದದ್ದರ ನಡುವೆ ನಿಂತೆ: ಮಂಟಪದ ನಡುವಣ ಕಂಬಗಳು.

ಈ ಎರಡು ಕಂಬಗಳ ಅಂತರವೇ ಕೆಳದಿ ಅರಸರ ಸೀಮೆಯಲ್ಲಿ ತೋಟದ ಜಮೀನಿನ ಅಳತೆಗೆ ಮಾನದಂಡವಾಗಿತ್ತು ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅಷ್ಟುದ್ದದ ಕೋಲಿಗೆ ದಾಯ ಎಂದು ಹೆಸರು. ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ಕೋಲು ಸವೆಯಬಹುದು, ಮುರಿಯಬಹುದು, ಅಳೆಯುವವನ ಆಸೆಗೆ ತಕ್ಕಂತೆ ಒಂದಂಗುಲ ಬೆಳೆಯಲೂಬಹುದು. ದೇವಸ್ಥಾನದ ಕಂಬ ಎಲ್ಲಿಗೂ ಹೋಗುವುದಿಲ್ಲ. ಅನುಮಾನ ಬಂದ ರೈತ ನೇರವಾಗಿ ಬಂದು ದೇವರ ಎದುರಿಗೇ ಹಗ್ಗ ಹಿಡಿದು ನೋಡಿಕೊಳ್ಳಬಹುದಿತ್ತು. ನಮ್ಮ ಇಲಾಖೆಯಲ್ಲಿ ಸರಪಳಿಯನ್ನು ಆಗಾಗ ಅಧಿಕೃತ ಅಳತೆಗೆ ಹಿಡಿದು ತಾಳೆ ನೋಡಬೇಕೆಂಬ ನಿಯಮವಿತ್ತು; ಎಳೆದೆಳೆದು ಕೊಂಡಿಗಳು ಸಡಿಲವಾಗಿ ಸರಪಳಿ ಉದ್ದವಾಗುತ್ತದೆ, ಆಗ ಜಮೀನು ಕಾಗದದ ಮೇಲೆ ಕಿರಿದಾಗುತ್ತದೆ. ಅಂಥ ಒಂದು ತಾಳೆಯ ಕಲ್ಲಿನ ನಡುವೆ ನಿಂತಿದ್ದೆ, ಟೇಪು ಮಾತ್ರ ಶಿವಮೊಗ್ಗದ ಮನೆಯ ಮೇಜಿನ ಮೇಲಿತ್ತು.

ನನ್ನ ಮುಖವನ್ನು ನೋಡಿ ಭಾವನಿಗೆ ಕರುಣೆ ಬಂತು. "ತೋಟಕ್ಕೆ ಬೇಲಿ ಹಾಕುವಾಗ ಟೇಪು ಯಾರು ತರ್ತಾರೆ?" ಎಂದು ಪಂಚೆಯನ್ನು ಎತ್ತಿ ಕಟ್ಟಿ, ಒಂದು ಕಂಬಕ್ಕೆ ಬಲಗೈಯ ಬೆರಳ ತುದಿಯನ್ನು ತಾಗಿಸಿ ಎರಡು ತೋಳನ್ನೂ ಚಾಚಿದರು. ಎಡಗೈ ಮುಟ್ಟಿದಲ್ಲಿ ಅಳಿಯ ಕಾಲಿಟ್ಟು ಗುರುತು ಹಿಡಿದ. ಒಂದು ಮಾರು, ಎರಡು ಮಾರು, ಮೂರು ಮಾರು. ಕೊನೆಗೆ ಎದುರಿನ ಕಂಬಕ್ಕೆ ಉಳಿದದ್ದು ಒಂದು ಗೇಣಿಗೂ ಸ್ವಲ್ಪ ಕಡಿಮೆ. ಭಾವನ ಎತ್ತರ ಆರಡಿ, ಹಾಗಾಗಿ ಅವರ ಮಾರೂ ಹೆಚ್ಚುಕಡಿಮೆ ಆರಡಿ. ಲೆಕ್ಕ ಕೂಡಿತು. ಅರ್ಚಕರು ಆರತಿಯ ತಟ್ಟೆಯನ್ನು ಹಿಡಿದುಕೊಂಡೇ ನಿಂತು ಇದನ್ನೆಲ್ಲ ನೋಡಿ, "ತೋಟ ಎಷ್ಟಾಯ್ತು?" ಎಂದು ನಗುತ್ತ ಕೇಳಿದರು.

ಹೊರಗೆ ಬಂದು ಹುಲ್ಲಿನ ಮೇಲೆ ಕುಳಿತು ಎಣಿಸಿದೆವು. ಚದರ ದಾಯವೆಂದರೆ ಸುಮಾರು 342 ಚದರ ಅಡಿ. ನನ್ನ ಗುಂಟೆ 1089 ಚದರ ಅಡಿ. ಅಂದರೆ ಗುಂಟೆಗೆ ಮೂರು ಚಿಲ್ಲರೆ ದಾಯ. ಇವತ್ತು ಅಡಿಕೆ ಸಸಿಗೆ ಸಸಿಗೆ ಒಂಬತ್ತು ಅಡಿ ಅಂತರ ಬಿಡುವ ರೂಢಿಯ ಪ್ರಕಾರ ಒಂದು ದಾಯದ ಚೌಕದಲ್ಲಿ ನಾಲ್ಕು ಮರ ಹಿಡಿಯುತ್ತದೆ. ಇದನ್ನು ಭಾವ ನನಗಿಂತ ಮೊದಲೇ ಹೇಳಿಬಿಟ್ಟರು.

1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನನ್ನು ಕಾಣಲು ಇದೇ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ, ಘಟ್ಟ ಹತ್ತುವ ದಾರಿಯ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಬರೆದಿದ್ದಾನೆ. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ರಾಗವಾಗಿ ಹಾಡುತ್ತ, ಬೆರಳಿನಿಂದ ಅಂಕಿಗಳನ್ನು ಬರೆದು ಅಳಿಸುತ್ತಿದ್ದರಂತೆ; ಮೇಷ್ಟರು ಇರಲಿಲ್ಲವಂತೆ. ನಾನು ಮಗ್ಗಿ ಕಲಿತದ್ದೂ ಮರಳಿನ ಮೇಲೆಯೇ, ಆದರೆ ಮೇಷ್ಟರು ಇದ್ದರು, ಕೋಲೂ ಇತ್ತು.

ಮಧ್ಯಾಹ್ನದ ಮೇಲೆ ಕಾಗೋಡಿಗೆ ಹೋದೆವು. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ ಎಂದು ಅಳಿಯ ಗೊಣಗಿದ್ದು ನಿಜ; ಗದ್ದೆ, ತೋಟ, ಮನೆಗಳು, ಅಷ್ಟೆ. ಆದರೆ ಅಳತೆಯ ವಿಷಯಕ್ಕೆ ಜನ ಜೈಲಿಗೆ ಹೋದ ಊರು ಇದು. ಆಗಿನ ಮಲೆನಾಡಿನಲ್ಲಿ ಗೇಣಿದಾರ ಬೆಳೆದ ಭತ್ತವನ್ನು ಒಡೆಯರ ಮನೆಯ ಕೊಳಗದಲ್ಲಿ ಅಳೆದು ಕೊಡಬೇಕಿತ್ತು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿ ಎಷ್ಟು ಖಂಡುಗ ಎಂಬುದು ಬಾಯಿಮಾತಿನಲ್ಲಿ ನಿಗದಿಯಾಗಿದ್ದರೂ ಕೊಳಗದ ಗಾತ್ರ ಒಡೆಯರ ಕೈಯಲ್ಲಿತ್ತು. ಸಂಖ್ಯೆಯನ್ನು ಮುಟ್ಟದೆ ಪಾತ್ರೆಯನ್ನು ಹಿಗ್ಗಿಸಿದರೆ ಗೇಣಿ ತಾನಾಗಿ ಏರುತ್ತದೆ. ಸರಪಳಿ ಸಡಿಲವಾಗುವುದು ಸವಕಳಿಯಿಂದ. ಕೊಳಗ ದೊಡ್ಡದಾಗುವುದು ಹಾಗಲ್ಲ. ನಿಗದಿಯ ಅಳತೆಯ ಕೊಳಗವೇ ಬೇಕೆಂದು ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸಂಘಟಿತರಾದ ಗೇಣಿದಾರರು 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹಕ್ಕಿಳಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೂಡಿದ ಮೇಲೆ, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಎಂಬ ಮಾತು ಕಾನೂನಿನಲ್ಲಿ ಗಟ್ಟಿಯಾಗಲು 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಭೂ ನ್ಯಾಯಮಂಡಳಿಯ ಆದೇಶಗಳನ್ನು ಹಿಡಿದು ಬಂದ ಗೇಣಿದಾರರ ಗದ್ದೆಗಳಿಗೆ ಪೋಡಿ ಮಾಡುವುದು, ಅಂದರೆ ಅವನ್ನು ಅಳೆದು ಬೇರ್ಪಡಿಸುವುದು, ನೌಕರಿಗೆ ಸೇರಿದ ಹೊಸತರಲ್ಲಿ ನನ್ನ ಮುಖ್ಯ ಕೆಲಸವಾಗಿತ್ತು.

ರಾತ್ರಿ ಅಕ್ಕ ಅಟ್ಟದಿಂದ ಮನೆಯ ಕೊಳಗವನ್ನು ಇಳಿಸಿ ಕೊಟ್ಟಳು. ಒಂದೇ ಮರದ ತುಂಡನ್ನು ಕೊರೆದು ಮಾಡಿದ್ದು, ಬಾಯಿಗೆ ಕಬ್ಬಿಣದ ಪಟ್ಟಿ, ಒಳಮೈ ಭತ್ತ ಉಜ್ಜಿ ಉಜ್ಜಿ ಕನ್ನಡಿಯಂತಾಗಿದೆ. ತಳದಲ್ಲಿ ಯಾವ ಕಾಲದ್ದೋ ಎರಡು ಭತ್ತದ ಕಾಳು ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಇದು ಒಡೆಯರ ಕೊಳಗವೋ ಗೇಣಿದಾರರದ್ದೋ ಎಂದು ಕೇಳಿದೆ. "ನಮ್ಮ ಅಪ್ಪಯ್ಯ ಗೇಣಿ ಕೊಟ್ಟೂ ಇದ್ದರು, ತಗೊಂಡೂ ಇದ್ದರು" ಎಂದ ಭಾವ ಮಾತನ್ನು ಅಲ್ಲಿಗೆ ಮುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವರಾಗಿಯೇ, ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಕೊಳಗಕ್ಕೆ ಒಂದು ಎನ್ನದೆ 'ಲಾಭ' ಎನ್ನುತ್ತಿದ್ದರೆಂದೂ, ಆಮೇಲೆ ಎರಡು, ಮೂರು ಎಂದು ಸಾಗುತ್ತಿತ್ತೆಂದೂ ಆ ರಾಗದಲ್ಲೇ ಎಣಿಸಿ ತೋರಿಸಿದರು. ಯಾರ ಲಾಭ ಎಂದು ಕೇಳಲು ಬಾಯಿ ಬರಲಿಲ್ಲ.

ಮೂರನೆಯ ದಿನ: ಜೋಗ, ಲಿಂಗನಮಕ್ಕಿ

ಬೆಳಗಿನ ಮಂಜು ಕರಗುವ ಮೊದಲೇ ಜೋಗವನ್ನು ಮುಟ್ಟಿದೆವು. ಮಂಜು ಹತ್ತು ನಿಮಿಷ ಮುಚ್ಚುತ್ತಿತ್ತು, ಎರಡು ನಿಮಿಷ ತೆರೆಯುತ್ತಿತ್ತು. ಆ ಎರಡು ನಿಮಿಷದಲ್ಲಿ ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಒಟ್ಟಿಗೆ ಕಾಣುತ್ತಿದ್ದವು. ಜಲಪಾತದ ಎತ್ತರ 253 ಮೀಟರ್. ಹಳೆಯ ಗೆಜೆಟಿಯರ್‌ಗಳು ಗೇರುಸೊಪ್ಪೆ ಜಲಪಾತವೆಂಬ ಹೆಸರಿನಲ್ಲಿ ಇದನ್ನು 830 ಅಡಿ ಎಂದೂ, ರಾಜಾ ಬಿದ್ದ ಮಡುವಿನ ಆಳ 132 ಅಡಿ ಎಂದೂ ದಾಖಲಿಸಿವೆ. ಅಡಿಯನ್ನು ಮೀಟರಿಗೆ ತಿರುಗಿಸಿದರೆ ಎತ್ತರದ ಎರಡು ಲೆಕ್ಕವೂ ಒಂದೇ. ಇಂದಿನ ಉಪಕರಣಗಳಿಲ್ಲದೆ ಅಷ್ಟು ಚೊಕ್ಕವಾಗಿ ಅಳೆದವರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಅಳಿಯ ಮೊಬೈಲಿನ ಗಡಿಯಾರವನ್ನು ಹಿಡಿದು, ರಾಜಾದ ತುದಿಯಿಂದ ಕಳಚಿಕೊಂಡ ಬಿಳಿಯ ಗುಪ್ಪೆಯೊಂದನ್ನು ಕಣ್ಣಿನಿಂದ ಹಿಂಬಾಲಿಸಿ ಸಮಯ ಅಳೆಯತೊಡಗಿದ. ಗಾಳಿಯ ತಡೆಯೇ ಇಲ್ಲದಿದ್ದರೆ 253 ಮೀಟರ್ ಬೀಳಲು ಏಳು ಸೆಕೆಂಡು ಸಾಕು, ತಳ ಮುಟ್ಟುವಾಗ ವೇಗ ಗಂಟೆಗೆ 250 ಕಿಲೋಮೀಟರ್ ದಾಟಿರುತ್ತದೆ. ಆದರೆ ಅವನಿಗೆ ಪ್ರತಿ ಸಲವೂ ಹೆಚ್ಚು ಬರುತ್ತಿತ್ತು. ನೀರು ಕಲ್ಲಿನಂತೆ ಬೀಳುವುದಿಲ್ಲ. ಬೀಳುತ್ತ ಬೀಳುತ್ತ ಹರಿದು ಹನಿಯಾಗುತ್ತದೆ, ಹನಿ ಸಣ್ಣದಾದಷ್ಟೂ ಗಾಳಿ ಅದನ್ನು ತಡೆಹಿಡಿಯುತ್ತದೆ. ಮಳೆಹನಿಯಲ್ಲಿ ದೊಡ್ಡದೂ ಸೆಕೆಂಡಿಗೆ ಒಂಬತ್ತು ಮೀಟರಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಇಲ್ಲದಿದ್ದರೆ ಮಲೆನಾಡಿನಲ್ಲಿ ಒಂದು ಹಂಚೂ ಉಳಿಯುತ್ತಿರಲಿಲ್ಲ. ಜೋಗದ ನೀರಿನ ಒಂದು ಪಾಲು ಬೀಳುವುದನ್ನೇ ಮರೆತು ಮಂಜಾಗಿ ಮತ್ತೆ ಮೇಲಕ್ಕೆ ಏರುವುದು ಇದೇ ಕಾರಣಕ್ಕೆ.

ಕೊಳವೆಯೊಳಗೆ ಕೂಡಿಹಾಕಿದ ನೀರಿಗೆ ಈ ಸ್ವಾತಂತ್ರ್ಯವಿಲ್ಲ. ಮೇಲಿನ ಇಡೀ ನೀರಿನ ಭಾರವನ್ನು ಹೊತ್ತೇ ಅದು ಯಂತ್ರಕ್ಕೆ ಅಪ್ಪಳಿಸುತ್ತದೆ. 1948ರಲ್ಲಿ ಇಲ್ಲಿ ಶುರುವಾದ, ಈಗ ಮಹಾತ್ಮ ಗಾಂಧಿಯವರ ಹೆಸರಿನಲ್ಲಿರುವ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. ಮುಂದೆ 1964ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಮುಗಿದಾಗ ಹಳೆಯ ಅಣೆಕಟ್ಟೇ ಮುಳುಗಿತು. ಕಡು ಬೇಸಿಗೆಯಲ್ಲಿ ನೀರು ತಳ ಕಂಡಾಗ ಅದು ಇಡಿಯಾಗಿ ಮೇಲೇಳುತ್ತದೆ.

ಈ ಕಡೆಯವರಿಗೆ 1819 ಎಂಬ ಸಂಖ್ಯೆ ಮನೆಮಾತು. ಸಮುದ್ರಮಟ್ಟದಿಂದ 1819 ಅಡಿ ಎಂದರೆ ಲಿಂಗನಮಕ್ಕಿ ತುಂಬಿದಂತೆ. ಆಗಸ್ಟ್ ತಿಂಗಳಲ್ಲಿ ಚಹದ ಅಂಗಡಿಯಲ್ಲಿ ಕ್ರಿಕೆಟ್ಟಿನ ಸ್ಕೋರ್ ಕೇಳುವಂತೆ "ಎಷ್ಟಾಯ್ತು?" ಎಂದು ಕೇಳುತ್ತಾರೆ, ಉತ್ತರವಾಗಿ "ಹನ್ನೊಂದು" ಎಂದರೆ 1811 ಎಂದು ತಿಳಿಯಬೇಕು. ತುಂಬಿದಾಗ ಅದರಲ್ಲಿ ಸುಮಾರು 151 ಟಿಎಂಸಿ ನೀರಿರುತ್ತದೆ. ಜಲಾನಯನ ಪ್ರದೇಶ ಸುಮಾರು 1990 ಚದರ ಕಿಲೋಮೀಟರ್. ಅಷ್ಟರ ಮೇಲೂ ಒಂದು ಇಂಚು ಮಳೆ ಬಿದ್ದು ಒಂದು ಹನಿಯೂ ಪೋಲಾಗದೆ ಹರಿದು ಬಂದರೆ ಒಂದೂ ಮುಕ್ಕಾಲು ಟಿಎಂಸಿ ಆಗುತ್ತದೆ. ಅಂದರೆ ತಳದಿಂದ ತುಂಬಲು ಎಂಬತ್ತು ಚಿಲ್ಲರೆ ಇಂಚು ಬೇಕು. ಬೇರೆ ಸೀಮೆಯಲ್ಲಿ ಇದು ಹುಚ್ಚು ಲೆಕ್ಕವಾದೀತು, ಇಲ್ಲಿ ಅಲ್ಲ. ಈ ನೀರು ತಳಕಳಲೆಯ ಮೂಲಕ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಇಳಿದು, ಹತ್ತು ಯಂತ್ರಗಳಿಂದ 1035 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ತನ್ನು ಕೊಡುತ್ತದೆ.

ಅಳೆಯದೆ ಉಳಿದದ್ದೂ ಇದೆ. ಮುಳುಗಡೆಯಲ್ಲಿ ಊರು ಬಿಟ್ಟವರಲ್ಲಿ ಎಷ್ಟೋ ಮನೆತನಗಳಿಗೆ ಎಬ್ಬಿಸಿ ಕೂರಿಸಿದ ಜಾಗದ ಹಕ್ಕುಪತ್ರಕ್ಕಾಗಿ ಎರಡು ತಲೆಮಾರು ಅಲೆಯಬೇಕಾಯಿತು. ಬಾಂದುಕಲ್ಲು ಇಲ್ಲದ ಕಾಡಿನಲ್ಲಿ ನಿಂತು, "ಇದೇ ನಮ್ಮ ಜಾಗ ಸ್ವಾಮಿ" ಎಂದು ಮರವನ್ನು ತೋರಿಸುತ್ತಿದ್ದ ಮುದುಕರು ನನಗೆ ಈಗಲೂ ನೆನಪಿನಲ್ಲಿದ್ದಾರೆ.

ಸಂಜೆ ಹಿನ್ನೀರಿನ ಅಂಬಾರಗೋಡ್ಲು ದಡಕ್ಕೆ ಹೋದೆವು. ಲಾಂಚಿಗಾಗಿ ಗಂಟೆಗಟ್ಟಲೆ ಕಾದು ಸಿಗಂದೂರಿಗೆ ದಾಟುತ್ತಿದ್ದ ಕಾಲ ಮುಗಿದು, 2025ರ ಜುಲೈನಿಂದ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ವಾಹನಗಳು ಓಡುತ್ತಿವೆ. ಅಳಿಯ ಮೂರು ನಿಮಿಷದಲ್ಲಿ ಕಳಸವಳ್ಳಿಯನ್ನು ಮುಟ್ಟಿಸಿದ. ಲಾಂಚಿನಲ್ಲಿ ಸಿಗುತ್ತಿದ್ದ ನೆಂಟರು ಇನ್ನು ಸಿಗುವುದಿಲ್ಲ ಎಂದು ಭಾವ ಬೇಸರಪಟ್ಟರೂ, ರಾತ್ರಿ ಹೆರಿಗೆ ನೋವು ಬಂದವರನ್ನು ದಾಟಿಸುವ ಕಷ್ಟವನ್ನು ಕಂಡವರು ಹಾಗೆ ಹೇಳಲಾರರು.

ಬರುವ ದಾರಿಯಲ್ಲಿ ಒಂದು ಅಂಗಡಿಯಲ್ಲಿ ಅರ್ಧ ಕಿಲೋ ಕಾಳುಮೆಣಸನ್ನು ಕೊಂಡೆ. ಅಕ್ಕನ ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 460 ಗ್ರಾಂ ತೋರಿಸಿತು. ಕಾಗೋಡಿನಿಂದ ಬಂದು ಒಂದು ದಿನವೂ ಆಗಿರಲಿಲ್ಲ. "ಪ್ಲಾಸ್ಟಿಕ್ ಕೊಟ್ಟೆಯ ತೂಕವನ್ನೂ ಸೇರಿಸಿ ನೋಡಿ ಮಾವ" ಎಂದು ಅಳಿಯ ಸಮಾಧಾನ ಹೇಳಿದ. ಕೊಟ್ಟೆಯನ್ನು ಸೇರಿಸಿಯೇ 460 ಇತ್ತು.

ನಾಲ್ಕನೆಯ ದಿನ: ನಗರ

ಹೊಸನಗರದ ಮೇಲೆ ನಗರಕ್ಕೆ. ಊರಿನ ಹೆಸರು ನಗರ, ಈಗ ಇರುವುದು ಒಂದು ಸಣ್ಣ ಪೇಟೆ. ಕೆಳದಿಯವರ ಬಿದನೂರು ಇದೇ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಇದನ್ನು ಗೆದ್ದ ಹೈದರಾಲಿ ಹೈದರ್‌ನಗರವೆಂದು ಹೆಸರಿಟ್ಟ, ಕಾಲಕ್ರಮದಲ್ಲಿ ಹೈದರ್ ಉದುರಿ ನಗರ ಉಳಿಯಿತು. ಕೆರೆಯಂಚಿನ ಕೋಟೆಯನ್ನು ಹತ್ತುವಾಗ ಇಂಬಳಗಳು ಕಾಲಿಗೇರಿದವು. ಮೇಲೆ ದರ್ಬಾರಿನ ಅಧಿಷ್ಠಾನ, ಅಕ್ಕ ತಂಗಿ ಕೊಳ, ಮಳೆಗೆ ಪಾಚಿ ಹಿಡಿದ ಕೆಂಪು ಕಲ್ಲಿನ ಗೋಡೆಗಳು. ಸಮೀಪದ ದೇವಗಂಗೆಯ ಕೊಳಗಳಿಗೆ ಮಾತ್ರ ಬೇಸರವೆಂಬುದಿಲ್ಲ. ಕಮಲದಾಕಾರದ, ನಕ್ಷತ್ರದಾಕಾರದ ತೊಟ್ಟಿಗಳಿಗೆ ಗುಡ್ಡದ ನೀರು ಇವತ್ತಿಗೂ ಬಂದು ತುಂಬಿ ಹರಿಯುತ್ತದೆ.

ಇಲ್ಲಿಂದ ಆಳಿದ ಶಿವಪ್ಪನಾಯಕನ (1645–1660) ಹೆಸರನ್ನು ರೈತರು ನೆನೆಯುವುದು ಅವನು ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಓಡಿಸಿದ್ದಕ್ಕಿಂತ ಹೆಚ್ಚಾಗಿ 'ಶಿಸ್ತಿ'ಗಾಗಿ. ಜಮೀನನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ಐದು ತರಗತಿ ಮಾಡಿ, ಪ್ರತಿ ಊರಿನಲ್ಲೂ ಒಂದೊಂದು ತರಗತಿಯ ಒಂದೊಂದು ಗದ್ದೆಯ ಬಿತ್ತನೆ, ಖರ್ಚು, ಹುಟ್ಟುವಳಿಗಳ ಲೆಕ್ಕವನ್ನು ಹನ್ನೆರಡು ವರ್ಷ ಬರೆಸಿ, ಅದರ ಸರಾಸರಿಯ ಮೇಲೆ ಉತ್ಪನ್ನದ ಮೂರನೆಯ ಒಂದು ಪಾಲನ್ನು ಕಂದಾಯವಾಗಿ ಗೊತ್ತುಮಾಡಿದ ಪದ್ಧತಿ ಅದು. ಗದ್ದೆಯನ್ನು ಅಳೆದದ್ದು ಉದ್ದಗಲದಿಂದಲ್ಲ, ಬೀಜವರಿಯಿಂದ: ಇಷ್ಟು ಬೀಜ ಹಿಡಿಯುವ ಗದ್ದೆ ಎಂದು. ಸರಪಳಿಯವನಾದ ನನಗೆ ಇದು ಮೊದಲು ಹಗುರವಾಗಿ ಕಂಡಿತ್ತು. ಆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಒಂದೂ ನೇರ ಬದುವಿಲ್ಲದ ಮಕ್ಕಿ ಗದ್ದೆಯಲ್ಲಿ ಸರಪಳಿ ಹಿಡಿದು ಬೆವತ ಮೇಲೆ, ಬೀಜವೇ ಪ್ರಾಮಾಣಿಕ ಅಳತೆ ಎಂದು ಎಷ್ಟೋ ಸಲ ಅನ್ನಿಸಿದೆ. ಹನ್ನೆರಡು ವರ್ಷ ಕಾಯುವ ತಾಳ್ಮೆಯಂತೂ ನನ್ನ ಕಾಲದ ಯಾವ ಮೇಲಧಿಕಾರಿಗೂ ಇರಲಿಲ್ಲ.

ರಾತ್ರಿಗೆ ತೀರ್ಥಹಳ್ಳಿಯನ್ನು ಹಾದು ಆಗುಂಬೆಗೆ ಬಂದು, ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ತಂಗಿದೆವು. ದಾರಿಯಲ್ಲಿ ಅಂಬುತೀರ್ಥದ ಬಳಿ ಐದು ನಿಮಿಷ ಇಳಿದಿದ್ದೆವು. 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿ ಇಲ್ಲಿ ಒಂದು ಪುಟ್ಟ ಕೊಳದಲ್ಲಿ ಹುಟ್ಟುತ್ತದೆ. ನಿನ್ನೆ ಟಿಎಂಸಿಯಲ್ಲಿ ಎಣಿಸಿದ ನೀರನ್ನು ಭಾವ ಇವತ್ತು ಬೊಗಸೆಯಲ್ಲಿ ಕುಡಿದರು.

ಐದನೆಯ ದಿನ: ಆಗುಂಬೆ

ಸೂರ್ಯಾಸ್ತಕ್ಕೆ ಹೆಸರಾದ ಊರಿನಲ್ಲಿ ಸೂರ್ಯೋದಯವೂ ಕಾಣಲಿಲ್ಲ. ರಾತ್ರಿಯಿಡೀ ಮಳೆ ಹೊಯ್ದಿತ್ತು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7600 ಮಿಲಿಮೀಟರಿನ ಆಸುಪಾಸು. ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬರುವ ಮುಂಗಾರಿನ ಗಾಳಿ ಘಟ್ಟದ ಗೋಡೆಗೆ ಬಡಿದು, ಬೇರೆ ದಾರಿಯಿಲ್ಲದೆ ಮೇಲೇರುತ್ತದೆ. ಏರಿದಂತೆ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ತಣ್ಣಗಿನ ಗಾಳಿ ಅಷ್ಟು ತೇವವನ್ನು ಹಿಡಿದಿಡಲಾರದು. ಘಟ್ಟದ ನೆತ್ತಿಯಲ್ಲೇ ಇರುವ ಈ ಊರಿಗೆ ಮೊದಲ ಪಾಲು. ಇಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರಿನೊಳಗಿರುವ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಗಾಳಿಯ ಚೀಲ ಖಾಲಿಯಾಗಿ, ಇದರ ಕಾಲು ಭಾಗದಷ್ಟೂ ಮಳೆ ಉಳಿದಿರುವುದಿಲ್ಲ.

1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4508 ಮಿಲಿಮೀಟರ್ ಮಳೆ ದಾಖಲಾಗಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ನನ್ನ ಒಂದು ಗುಂಟೆಯ ಲೆಕ್ಕಕ್ಕೆ ಅದನ್ನು ಇಳಿಸಿದರೆ ಆ ಒಂದು ತಿಂಗಳಲ್ಲಿ ಗುಂಟೆಗೆ ನಾಲ್ಕೂವರೆ ಲಕ್ಷ ಲೀಟರಿಗೂ ಹೆಚ್ಚು. ಆ ತಿಂಗಳಿನ ಪ್ರತಿ ಬೆಳಗ್ಗೆಯೂ ಯಾರೋ ಒಬ್ಬರು ಗೊರಬನ್ನು ತಲೆಯ ಮೇಲೆ ಹಾಕಿಕೊಂಡು ಹೊರಗೆ ಬಂದು, ಅಳೆದು, ಬರೆದಿಟ್ಟಿದ್ದರಿಂದಲೇ ಅಲ್ಲವೇ ಆ ಸಂಖ್ಯೆ ನಮ್ಮವರೆಗೆ ಬಂದದ್ದು? ನನಗೆ ಮಳೆಗಿಂತ ಆ ಮನುಷ್ಯನೇ ದೊಡ್ಡವನಾಗಿ ಕಾಣುತ್ತಾನೆ.

ನಮ್ಮ ಗೆಳೆಯರ ಅಂಗಳದಲ್ಲೂ ಒಂದು ಮಳೆಮಾಪಕವಿದೆ. ಹವಾಮಾನ ಇಲಾಖೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಮನೆಯವರ ದಿನವೂ ಹಾಗೆಯೇ ಆಗಿಬಿಟ್ಟಿದೆ. ಎಂಟೂ ಇಪ್ಪತ್ತೈದಕ್ಕೆ ಅವರು ಕಾಫಿಯ ಲೋಟವನ್ನು ಕೆಳಗಿಟ್ಟು, ಛತ್ರಿ ಬಿಚ್ಚಿ ಅಂಗಳಕ್ಕಿಳಿದರು. ಐದು ಇಂಚು ಬಾಯಿಯ ಆಲಿಕೆಯನ್ನು ಎತ್ತಿ, ಅದರ ಕೆಳಗಿನ ಶೀಶೆಯನ್ನು ಹೊರತೆಗೆದು, ಜಗಲಿಗೆ ಬಂದು, ನೀರನ್ನು ಕಿರಿದಾದ ಅಳತೆಯ ಗಾಜಿಗೆ ನಿಧಾನವಾಗಿ ಸುರಿದರು. ಗಾಜು ಕಿರಿದಾಗಿರುವುದರಿಂದ ಒಂದು ಮಿಲಿಮೀಟರ್ ಮಳೆ ಅದರಲ್ಲಿ ಎದ್ದು ಕಾಣುವಷ್ಟು ಎತ್ತರವಾಗುತ್ತದೆ. ಗಾಜಿನ ಗೋಡೆಗೆ ಅಂಟಿ ನೀರು ಅಂಚಿನಲ್ಲಿ ಸ್ವಲ್ಪ ಮೇಲೇರಿ ನಡುವೆ ತಗ್ಗಾಗಿರುತ್ತದೆ, ಓದಬೇಕಾದದ್ದು ತಗ್ಗನ್ನು. ಕಣ್ಣನ್ನು ಅದರ ಮಟ್ಟಕ್ಕೆ ತರಲು ಅವರು ಮಂಡಿಯೂರಿದರು.

"ಮೂವತ್ತೊಂದು" ಎಂದರು. ಆಮೇಲೆ ಭಾವನ ಕಡೆ ತಿರುಗಿ, "ನಿಮ್ಮ ಲೆಕ್ಕದಲ್ಲಿ ಒಂದು ಇಂಚು ಇಪ್ಪತ್ತೆರಡು ಸೆಂಟ್ಸ್" ಎಂದು ಸೇರಿಸಿದರು.

ಭಾವ ತಲೆಯಾಡಿಸಿ, ಹಸ್ತ ಮಳೆಗೆ ಇಷ್ಟು ಬಂದರೆ ಗದ್ದೆಯ ತೆನೆಗೆ ಸಾಕು, ಅಡಿಕೆ ಕೊಯ್ಲಿಗೆ ಮಾತ್ರ ಬಿಸಿಲು ಬೇಕು ಎಂದರು. ಗೆಳೆಯರು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಆ ದಿನದ ಮನೆಯೊಳಗೆ ಪೆನ್ಸಿಲಿನಿಂದ 31 ಎಂದು ಬರೆದು, ಗಾಜಿನಲ್ಲಿದ್ದ ನೀರನ್ನು ಜಗಲಿಯ ಕಂಬಕ್ಕೆ ಹಬ್ಬಿಸಿದ್ದ ವೀಳ್ಯದೆಲೆಯ ಬಳ್ಳಿಯ ಬುಡಕ್ಕೆ ಸುರಿದರು. ಹೊರಗೆ ಮಳೆ ಮತ್ತೆ ಹಿಡಿದಿತ್ತು. ಅವರು ಖಾಲಿ ಶೀಶೆಯನ್ನು ಒರೆಸಿಕೊಂಡು ಛತ್ರಿಯನ್ನು ಮತ್ತೆ ಬಿಚ್ಚಿದರು.